ಮೂರು ಬಣ್ಣದ ಬೆಕ್ಕು

ಕಪ್ಪು, ಕೆಂಚು, ಬಿಳಿ ಮಚ್ಚೆಗಳು ಒಂದೇ ಮೈಮೇಲೆ ಕೂಡಿಬಂದ ಬೆಕ್ಕು. ಹೆಚ್ಚುಕಡಿಮೆ ಯಾವಾಗಲೂ ಹೆಣ್ಣು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಭತ್ತ, ಮೆಕ್ಕೆಜೋಳದ ಚೀಲಗಳನ್ನು ಇಲಿಗಳಿಂದ ಕಾಯುವ ನಾಡುಬೆಕ್ಕುಗಳು ತಳಿ ನೋಡಿ ಕೂಡುವುದಿಲ್ಲ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರಲೂಬಹುದು. ಹೀಗಾಗಿ ಒಡಹುಟ್ಟಿದವೇ ಎಷ್ಟೋ ಸಲ ಒಂದಕ್ಕೊಂದು ಹೋಲುವುದಿಲ್ಲ; ಅವುಗಳ ನಡುವೆ ಮೂರು ಬಣ್ಣದ್ದೂ ಇರಬಹುದು.

ಕೆಂಚು ಬಣ್ಣದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ. ಮೂರು ಬಣ್ಣದ ಬೆಕ್ಕಿನ ಎರಡರಲ್ಲಿ ಒಂದು ಎಕ್ಸ್ ಮಾತ್ರ ಕೆಂಚಿನದು. ಭ್ರೂಣ ಇನ್ನೂ ಎಳೆಯದಿರುವಾಗಲೇ ಪ್ರತಿ ಕೋಶವೂ ಅವುಗಳಲ್ಲೊಂದನ್ನು ಮಲಗಿಸಿಬಿಡುತ್ತದೆ. ಯಾವುದನ್ನು ಎಂಬುದು ಕೇವಲ ಆಕಸ್ಮಿಕ. ಆ ಕೋಶದ ಸಂತತಿ ಹಬ್ಬಿದಷ್ಟು ಜಾಗ ಕೆಂಚು ಅಥವಾ ಕಪ್ಪು. ಈ ಸೊಗಸಾದ ತತ್ವವನ್ನು 1961ರಲ್ಲಿ ಮಂಡಿಸಿದವರು ಬ್ರಿಟನ್ನಿನ ತಳಿವಿಜ್ಞಾನಿ ಮೇರಿ ಲಯನ್. ಕೆಂಚಿನ ಮೂಲ ಮಾತ್ರ 2025ರವರೆಗೆ ಕಾಯಿಸಿತು: ಎಆರ್‌ಎಚ್‌ಜಿಎಪಿ36 ವಂಶವಾಹಿಯೊಳಗೆ ಡಿಎನ್‌ಎಯ ಸುಮಾರು 5,000 ಅಕ್ಷರಗಳು ಬಿಟ್ಟುಹೋಗಿರುವುದನ್ನು ಜಪಾನ್, ಅಮೆರಿಕದ ತಂಡಗಳು ತೋರಿಸಿದವು. ಬಿಳಿ ಮಚ್ಚೆಗೆ ಕಾರಣ ಬೇರೆ, ಕಿಟ್ ವಂಶವಾಹಿ.

ಮೂರು ಬಣ್ಣದ ಗಂಡು ಮರಿಗೆ ಸಾಮಾನ್ಯವಾಗಿ ಒಂದು ಎಕ್ಸ್ ಹೆಚ್ಚಿರುತ್ತದೆ. ಅದಕ್ಕೆ ಸಂತಾನವಾಗುವುದು ತೀರ ಅಪರೂಪ. 2001ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕು ‘ಸಿಸಿ’ಗೆ ಮೂರು ಬಣ್ಣದ ಮೂಲ ಬೆಕ್ಕು ರೇನ್‌ಬೋದ ಕೆಂಚು ಬಣ್ಣ ಬರಲೇ ಇಲ್ಲ: ತದ್ರೂಪಿಗೆ ಬಳಸಿದ ಕೋಶದಲ್ಲಿ ಕೆಂಚಿನ ಎಕ್ಸ್ ಮಲಗಿತ್ತು.