ಅಡ್ಡಣಿಗೆ ಮತ್ತು ಠವಣೆಕೋಲು: ಬಯಲೂಟದ ಮುಕ್ಕಾಲಿಯ ಇತಿಹಾಸ

ಕಡೂರು–ಚಿಕ್ಕಮಗಳೂರು ದಾರಿಯಲ್ಲಿರುವ ಸಖರಾಯಪಟ್ಟಣದ ಸಮೀಪ, ಶಕುನಗಿರಿಯ ಬುಡದಲ್ಲಿ ಅಯ್ಯನಕೆರೆಯಿದೆ. ಬುತ್ತಿ ಕಟ್ಟಿಕೊಂಡು ಬಂದವರು ಅದರ ಏರಿಯ ಮೇಲೋ ದಡದ ಮರದ ನೆರಳಲ್ಲೋ ಕುಳಿತು ಉಣ್ಣುವುದುಂಟು. ಹಾಗೆ ಕುಳಿತವರಿಗೆ ಎದುರಾಗುವ ತೊಡಕುಗಳು ಹೊಸವಲ್ಲ. ನೆಲ ಸಮನಾಗಿರುವುದಿಲ್ಲ, ಇರುವೆ ಹತ್ತುತ್ತದೆ, ಬಾಗಿ ಬಾಗಿ ಉಣ್ಣುವುದರಿಂದ ಬೆನ್ನು ನೋಯುತ್ತದೆ. ಇವೆಲ್ಲಕ್ಕೂ ಕನ್ನಡ ನಾಡು ಬಹುಹಿಂದೆಯೇ ಒಂದು ಉಪಕರಣವನ್ನು ರೂಪಿಸಿಕೊಂಡಿತ್ತು. ಉಣ್ಣುವ ಹರಿವಾಣವನ್ನು ಇರಿಸುವ ಮೂರು ಕಾಲಿನ ಆ ಪೀಠದ ಹೆಸರು ಅಡ್ಡಣಿಗೆ.

ಅಡ್ಡಣಿಗೆಯ ಚರಿತ್ರೆಯನ್ನು ಕಾವ್ಯಗಳಲ್ಲಿ ಹುಡುಕುವವರಿಗೆ ನಿರಾಶೆಯೇ ಹೆಚ್ಚು. ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರವಿದೆ, ಜಲಕ್ರೀಡೆಯಿದೆ, ಮಧುಪಾನವೂ ಇದೆ. ಊಟಕ್ಕೆ ಮಾತ್ರ ಸ್ಥಾನವಿಲ್ಲ. ಹದಿನಾರನೆಯ ಶತಮಾನದ ಆರಂಭದ ಜೈನಕವಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನೇ ರಚಿಸಿದನಾದರೂ ಅವನ ಲಕ್ಷ್ಯವಿರುವುದು ಪಾಕದ ಮೇಲೆ, ಪೀಠದ ಮೇಲಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಇಲ್ಲಿ ಹೆಚ್ಚು ಉದಾರಿ. 1129ರ ಸುಮಾರಿನ ಈ ಸಂಸ್ಕೃತ ಕೃತಿಯು ಅನ್ನಭೋಗದ ಪ್ರಕರಣದಲ್ಲಿ ಅರಸನ ಆಸನವನ್ನೂ, ನಾಭಿಯಿಂದ ಮೊಣಕಾಲಿನವರೆಗೆ ಹಾಸುವ ಬಿಳಿಯ ವಸ್ತ್ರವನ್ನೂ, ಚಿನ್ನದ ತಟ್ಟೆಯನ್ನೂ ಹೇಳುತ್ತದೆ. ಬಂಧುಗಳು, ಮಕ್ಕಳು ಒಡನೆ ಕುಳಿತು ಉಣ್ಣುತ್ತಾರೆ. ಅದೇ ಗ್ರಂಥದ ಕ್ರೀಡಾವಿಂಶತಿಯಲ್ಲಿ ವನಕ್ರೀಡೆ, ಜ್ಯೋತ್ಸ್ನಾಕ್ರೀಡೆ, ಸಸ್ಯಕ್ರೀಡೆಗಳ ಪ್ರಸ್ತಾಪವಿದೆ. ಅರಮನೆಯ ಪರಿವಾರವೇ ಹೊರಗೆ ಹೊರಟಾಗ ಊಟದ ಸಾಮಗ್ರಿಯೂ ಹೊರಟಿರಲೇಬೇಕು.

ಸ್ಪಷ್ಟವಾದ ಸಾಕ್ಷ್ಯವೊಂದು ದೊರೆಯುವುದು ಪರದೇಶೀಯನಿಂದ. 1535ರ ಸುಮಾರಿಗೆ, ಅಚ್ಯುತರಾಯನ ಆಳ್ವಿಕೆಯಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅರಸನ ಮುಂದೆ ದುಂಡಾದ, ಮೂರು ಕಾಲಿನ ಚಿನ್ನದ ಪೀಠವನ್ನಿಟ್ಟು ಅದರ ಮೇಲೆ ಭಕ್ಷ್ಯಗಳನ್ನು ಇರಿಸುತ್ತಿದ್ದರೆಂದು ಬರೆದಿದ್ದಾನೆ. ಅದರ ಮೇಲೆ ಬಟ್ಟೆ ಹಾಸದಿರುವುದನ್ನೂ ಅವನು ಗಮನಿಸಿದ್ದಾನೆ. ಹೆಸರು ಅವನಿಗೆ ತಿಳಿಯದಿದ್ದರೂ ಅವನು ಕಂಡದ್ದು ಅಡ್ಡಣಿಗೆಯ ರಾಜರೂಪವೆಂದು ಗ್ರಹಿಸಲು ಅಡ್ಡಿಯಿಲ್ಲ. ಉತ್ತರ ಕರ್ನಾಟಕದ ವೀರಶೈವ ಮನೆ–ಮಠಗಳಲ್ಲಿ ಇದೇ ವಸ್ತು ಮರ, ಕಬ್ಬಿಣ, ಹಿತ್ತಾಳೆಗಳಲ್ಲಿ ಬಳಕೆಯಲ್ಲಿತ್ತು. ಉಣ್ಣುವ ತಟ್ಟೆ ಬರಿಯ ನೆಲಕ್ಕೆ ತಾಗಬಾರದೆಂಬ ಭಾವ ಅದಕ್ಕೆ ಆಸರೆ.

ಕಾಲುಗಳು ಮೂರೇ ಏಕೆ ಎಂಬ ಪ್ರಶ್ನೆಗೆ ನೆಲವೇ ಉತ್ತರ. ನಾಲ್ಕು ಕಾಲಿನ ಪೀಠ ಒರಟು ನೆಲದಲ್ಲಿ ಒಂದು ಕಾಲನ್ನು ಎತ್ತಿಕೊಂಡು ಅಲುಗಾಡುತ್ತದೆ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುವುದರಿಂದ ಮುಕ್ಕಾಲಿ ಓರೆಯಾಗಿ ನಿಂತರೂ ಅಲುಗುವುದಿಲ್ಲ. ಮಡಚುವ ಬಗೆಯಲ್ಲಿ ಜಾಣ್ಮೆ ಇನ್ನೂ ಹೆಚ್ಚು. ಮೂರು ಕೋಲುಗಳನ್ನು ನಡುವೆ ಬಳೆಯಿಂದಲೋ ಹುರಿಯಿಂದಲೋ ಬಂಧಿಸಿ ತಿರುಚಿದರೆ ಮೇಲೂ ಕೆಳಗೂ ಎರಡು ತ್ರಿಕೋನಗಳು ಬಿಚ್ಚಿಕೊಳ್ಳುತ್ತವೆ. ಕಟ್ಟನ್ನು ನಡುವಿಗಿಂತ ತುಸು ಮೇಲಕ್ಕೆ ಸರಿಸಿದರೆ ಬುಡದ ಹರವು ಹೆಚ್ಚಿ ಪೀಠ ಭದ್ರವಾಗುತ್ತದೆ. ಹರಿವಾಣದ ಭಾರ ಕೋಲುಗಳನ್ನು ಹೊರಕ್ಕೆ ನೂಕುತ್ತದೆ, ಕಟ್ಟು ಅವನ್ನು ಹಿಡಿದು ನಿಲ್ಲಿಸುತ್ತದೆ. ಊಟವಾದ ಮೇಲೆ ಮಡಚಿದರೆ ಕಂಕುಳಲ್ಲಿ ಹಿಡಿಯುವಷ್ಟು ಚಿಕ್ಕ ಕಟ್ಟು.

ಈ ಅಡ್ಡಗೋಲುಗಳ ತಂತ್ರ ಜೈನಶಿಲ್ಪದ ಅಭ್ಯಾಸಿಗಳಿಗೆ ಅಪರಿಚಿತವಲ್ಲ. ಶ್ರವಣಬೆಳಗೊಳದ ನಿಸಿಧಿಶಿಲ್ಪಗಳಲ್ಲಿ ಗುರುವಿನ ಮುಂದೆ ಓಲೆಗ್ರಂಥವನ್ನಿರಿಸಲು ಬಳಸುವ ಠವಣೆಕೋಲನ್ನು ಕಾಣಬಹುದು. ಸಂಸ್ಕೃತದ ‘ಸ್ಥಾಪನಾ’ ಪ್ರಾಕೃತದಲ್ಲಿ ‘ಠವಣಾ’ ಆಗಿ, ಕನ್ನಡಕ್ಕೆ ‘ಠವಣೆ’ಯಾಗಿ ಬಂದಿದೆ. ಗ್ರಂಥವಾಗಲಿ ಅನ್ನವಾಗಲಿ ನೆಲಕ್ಕೆ ತಾಗದಿರಲಿ ಎಂಬ ಒಂದೇ ಕಾಳಜಿಗೆ ಎರಡೂ ಒದಗಿವೆ. ಸಂಚಾರಿಯಾದ ಮುನಿಸಂಘಕ್ಕೆ ಮಡಚುವ ಪುಸ್ತಕಪೀಠ ಅನುಕೂಲವೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಕಲ್ಲಿನಲ್ಲಿ ಉಳಿದದ್ದು ಠವಣೆಕೋಲು. ಅಡ್ಡಣಿಗೆ ಅಟ್ಟ ಸೇರಿತು, ಕೆಲವೆಡೆ ಒಲೆಯನ್ನೂ ಸೇರಿರಬೇಕು. ವಿದ್ಯೆಯನ್ನು ಸ್ಮಾರಕವಾಗಿಸಿದ ಸಮಾಜ ಊಟದ ಉಪಕರಣವನ್ನು ಚರಿತ್ರೆಯ ವಸ್ತುವೆಂದು ಎಣಿಸಲಿಲ್ಲ. ಸಂಶೋಧಕರೂ ಆ ಪಂಕ್ತಿಯನ್ನೇ ಅನುಸರಿಸಿದ್ದಾರೆ.

ಸಖರಾಯಪಟ್ಟಣದ ನೆರೆಯ ಕಡೂರಿನ ಶಾಸನ ಈ ವಿಚಾರಕ್ಕೆ ಬೇರೊಂದು ಮುಖವನ್ನು ಕೊಡುತ್ತದೆ. ಗಂಗದೊರೆ ಬೂತುಗನ ಅಕ್ಕ ಪಾಂಬಬ್ಬೆ ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪಸ್ಸನ್ನಾಚರಿಸಿ 971ರಲ್ಲಿ ಮುಡಿಪಿದಳೆಂದು ಅದು ಸಾರುತ್ತದೆ. ದಿಗಂಬರ ಸಂಪ್ರದಾಯದಲ್ಲಿ ಮುನಿಗಳು ನಿಂತು, ಆರ್ಯಿಕೆಯರು ಕುಳಿತು, ದಿನಕ್ಕೊಮ್ಮೆ ಅಂಗೈಯಲ್ಲೇ ಆಹಾರ ಸ್ವೀಕರಿಸುವುದು ನಿಯಮ. ಅರಮನೆಯ ಹೊನ್ನಹರಿವಾಣಗಳ ನಡುವೆ ಬೆಳೆದವಳೊಬ್ಬಳು ಹರಿವಾಣವನ್ನೂ ಪೀಠವನ್ನೂ ಒಟ್ಟಿಗೆ ತೊರೆದ ಸಂಗತಿಯಿದು. ಹೊರಡಲು ಮಡಚಿಕೊಳ್ಳಬೇಕಾದುದೇನೂ ಉಳಿಯದ ಈ ಬಗೆಯ ಊಟದಲ್ಲಿಯೂ ನವಧಾಭಕ್ತಿಯ ಎರಡನೆಯ ಅಂಗವಾಗಿ ಉಚ್ಚಾಸನವಿದೆ: ಮನೆಗೆ ಬಂದ ಪಾತ್ರರಿಗೆ ಶ್ರಾವಕರು ಇಂದಿಗೂ ಮೊದಲು ಮಣೆ ಹಾಕುತ್ತಾರೆ.