ಬಿರುಕು ಬಿಟ್ಟ ಗಾಜಿನ ಚರಿತ್ರೆ

ಬೆಹಾಲಾದ ಡೈಮಂಡ್ ಹಾರ್ಬರ್ ರಸ್ತೆಯಲ್ಲಿ ಕಾರು ಓಡಿಸುವವರಿಗೆ ಟಪ್ ಅಂತ ಕಲ್ಲು ಸಿಡಿಯುವ ಸದ್ದು ಹೊಸದಲ್ಲ. 2010ರ ನಂತರ ಮೆಟ್ರೋ ಕಂಬಗಳಿಗೆಂದು ಈ ರಸ್ತೆಯನ್ನು ಅಗೆದಿದ್ದೇ ಅಗೆದದ್ದು. 2022ರ ಡಿಸೆಂಬರ್ 30ಕ್ಕೆ ಜೋಕಾದಿಂದ ತಾರಾತಲಾಕ್ಕೆ ರೈಲು ಶುರುವಾಗುವ ಹೊತ್ತಿಗೆ ನಮ್ಮ ಓಣಿಯ ಎಷ್ಟೋ ಕಾರುಗಳ ಮುಂದಿನ ಗ್ಲಾಸಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಚುಕ್ಕೆಗಳು ಬಿದ್ದಿದ್ದವು. ಊರು ಬಿಟ್ಟು ಇಲ್ಲಿ ನೆಲೆಸಿ ಮೂರು ದಶಕವಾಯಿತು. ನಾನು ಬಂದ ಹೊಸತರಲ್ಲಿ ಒಡೆದ ಗ್ಲಾಸನ್ನು ರಿಪೇರಿ ಮಾಡುವವರು ಅಂತ ಯಾರೂ ಇರಲಿಲ್ಲ. ಒಡೆಯಿತಾ, ಬದಲಾಯಿಸಿ, ಅಷ್ಟೇ. ಈಗ ಇದ್ದಾರೆ. ಕೈಚಳಕ ಹೆಚ್ಚಿದ್ದು ಮಾತ್ರ ಇದಕ್ಕೆ ಕಾರಣವಲ್ಲ, ಗಾಜೇ ಬೇರೆಯಾಗಿದೆ.

ಹಳೆಯ ಕಾರು, ಲಾರಿಗಳಲ್ಲಿ ಹೆಚ್ಚಾಗಿ ಇದ್ದದ್ದು ಟಫನ್ಡ್ ಗಾಜು. ಗಾಜನ್ನು ಚೆನ್ನಾಗಿ ಕಾಯಿಸಿ ಗಾಳಿ ಊದಿ ಥಟ್ಟನೆ ತಣಿಸಿದರೆ ಹೊರಮೈ ಬಿಗಿದುಕೊಳ್ಳುತ್ತದೆ, ಗಟ್ಟಿಯಾಗುತ್ತದೆ. ಆದರೆ ಆ ಬಿಗಿತ ಒಂದು ಕಡೆ ತಪ್ಪಿದರೂ ಇಡೀ ಗಾಜು ಕ್ಷಣದಲ್ಲಿ ಕಲ್ಲುಸಕ್ಕರೆ ಪುಡಿಯ ಹಾಗೆ ಆಗಿಬಿಡುತ್ತದೆ. ಒಮ್ಮೊಮ್ಮೆ ಪುಡಿ ಉದುರದೆ, ಎದುರಿಗೆಲ್ಲ ಬೆಳ್ಳಗಾಗಿ, ಡ್ರೈವರ್ ಮುಷ್ಟಿಯಿಂದ ಗುದ್ದಿ ತೂತು ಮಾಡಿಕೊಂಡು ರಸ್ತೆ ನೋಡಬೇಕಾಗುತ್ತಿತ್ತು. ಇದರಲ್ಲಿ ರಿಪೇರಿ ಮಾಡುವುದಕ್ಕೆ ಏನು ಉಳಿಯುತ್ತದೆ ಹೇಳಿ?

ಇನ್ನೊಂದು ಬಗೆಯ ಗಾಜಿನ ಕಥೆ ಫ್ರಾನ್ಸಿನದು. ಎದುವಾರ್ ಬೆನೆಡಿಕ್ಟಸ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ 1903ರಲ್ಲಿ ಒಂದು ಸೀಸೆ ಕೆಳಗೆ ಬಿತ್ತಂತೆ. ಒಡೆಯಿತು, ಆದರೆ ಚೂರು ಚೆಲ್ಲಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪೊರೆ ಚೂರುಗಳನ್ನು ಹಿಡಿದುಕೊಂಡಿತ್ತು. ಎರಡು ಗಾಜುಗಳ ನಡುವೆ ಇಂಥ ಪೊರೆ ಇಟ್ಟು ಅಂಟಿಸಿದ ಗಾಜಿಗೆ 1909ರಲ್ಲಿ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳ ಕಣ್ಣುಗಳಿಗೆ ಇದೇ ಗಾಜು ಬಳಕೆಯಾಯಿತು. ಒಂದೇ ತೊಂದರೆ, ಬಿಸಿಲಿಗೆ ಪೊರೆ ಹಳದಿ ತಿರುಗುತ್ತಿತ್ತು. 1930ರ ದಶಕದ ಕೊನೆಗೆ ಪಿವಿಬಿ ಎಂಬ ಪ್ಲಾಸ್ಟಿಕ್ ಬಂದ ಮೇಲೆ ಆ ಚಿಂತೆ ಕಳೆಯಿತು. ಇವತ್ತಿನ ಕಾರುಗಳಲ್ಲಿರುವುದು ಅದೇ.

ನಮ್ಮ ದೇಶದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 1993ರಲ್ಲಿ ತಿದ್ದುಪಡಿಯಾಯಿತು. ಮೂರು ವರ್ಷದ ಗಡುವಿನ ನಂತರ, ಅಂದರೆ 1996ರಿಂದ ತಯಾರಾಗುವ ಕಾರು, ಬಸ್ಸು, ಲಾರಿಗಳ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು ಅಂತಾಯಿತು. ಕಲ್ಲು ಬಿದ್ದರೆ ಸಾಮಾನ್ಯವಾಗಿ ಹೊರಗಿನ ಪದರ ಮಾತ್ರ ಸೀಳುತ್ತದೆ, ಒಳಗಿನದು ಹಾಗೇ ಇರುತ್ತದೆ. ರಿಪೇರಿ ಎಂಬ ಕಸುಬು ಹುಟ್ಟಿದ್ದೇ ಈ ಅರೆ ಒಡಕಿನಲ್ಲಿ.

ಅಮೆರಿಕದಲ್ಲಿ ಈ ಕಸುಬು ಮೊದಲೇ ಶುರುವಾಗಿತ್ತು. ಇದನ್ನೇ ವ್ಯಾಪಾರ ಮಾಡಿಕೊಂಡ ನೋವಸ್ ಕಂಪನಿ ಮಿನೆಸೋಟಾದಲ್ಲಿ ಹುಟ್ಟಿದ್ದು 1972ರಲ್ಲಿ. ಉಪಾಯ ಸರಳ. ಬಿರುಕು ಕಣ್ಣಿಗೆ ಕಾಣುವುದು ಅದರೊಳಗೆ ಗಾಳಿ ಇರುವುದರಿಂದ. ಗಾಳಿ ತೆಗೆದು, ಗಾಜಿನಷ್ಟೇ ಬೆಳಕು ಬಾಗಿಸುವ ರೆಸಿನ್ ತುಂಬಿದರೆ ಬಿರುಕು ಬಹುಮಟ್ಟಿಗೆ ಮರೆಯಾಗುತ್ತದೆ. ಮರೆಯಾಗುವುದಕ್ಕಿಂತ ಮುಖ್ಯವಾದದ್ದು, ಅದು ಬೆಳೆಯುವುದು ನಿಲ್ಲುತ್ತದೆ. ಬಿರುಕು ಉದ್ದವಾದಷ್ಟೂ ಇನ್ನೂ ಸೀಳಲು ಕಡಿಮೆ ಬಲ ಸಾಕು ಅಂತ ಇಂಗ್ಲೆಂಡಿನ ಗ್ರಿಫಿತ್ 1921ರಲ್ಲೇ ತೋರಿಸಿದ್ದ. ಮೇ ತಿಂಗಳ ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿ ಒಮ್ಮೆಲೇ ಎಸಿ ಜೋರು ಮಾಡಿದರೆ ಕಡಲೆಕಾಳು ಗೇಣುದ್ದ ಆಗುವುದು ಹೀಗೇ.

ನಮ್ಮ ಪಕ್ಕದ ಮನೆಯ ಹುಡುಗ ಈ ಕೆಲಸ ಕಲಿಯಲು ಹೊರಟಾಗ, "ಕಾಕು, ಯಾವ ಕಿಟ್ ತಗೊಳ್ಳಲಿ?" ಅಂತ ಕೇಳಿದ. ಅವರಮ್ಮ ಕೂಡಿಟ್ಟ ದುಡ್ಡು, ಹುಡುಗಾಟವಲ್ಲ. ಇಬ್ಬರೂ ಕೂತು ಓದಿದೆವು, ಕೆಲಸ ಗೊತ್ತಿದ್ದವರನ್ನು ಕೇಳಿದೆವು. ಅಗ್ಗದ ಸಿರಿಂಜ್ ಕಿಟ್ ಸ್ವಂತ ಕಾರಿನ ಒಂದು ಚುಕ್ಕೆಗೆ ಸರಿ, ಹೊಟ್ಟೆಪಾಡಿಗೆ ಸಾಲದು. ಕಸುಬಿಗೆ ಬೇಕಾದದ್ದು ಗಾಜಿಗೆ ಕಚ್ಚಿ ನಿಲ್ಲುವ ರಬ್ಬರ್ ಬಟ್ಟಲಿನ ಲೋಹದ ಸ್ಟ್ಯಾಂಡು, ಗಾಳಿ ಎಳೆದು ನಂತರ ಒತ್ತಡ ಕೊಡುವ ಇಂಜೆಕ್ಟರ್, ಬಿರುಕಿಗೆ ತೆಳು ರೆಸಿನ್, ಮೇಲಿನ ಕುಳಿಗೆ ಮಂದ ರೆಸಿನ್, ಅದನ್ನು ಗಟ್ಟಿ ಮಾಡಲು ಅಲ್ಟ್ರಾವಯಲೆಟ್ ದೀಪ. ಕೆಲಸ ನೆರಳಿನಲ್ಲೇ ಆಗಬೇಕು, ಬಿಸಿಲು ತಾಗಿದರೆ ರೆಸಿನ್ ಒಳಗಿಳಿಯುವ ಮೊದಲೇ ಗಟ್ಟಿಯಾದೀತು. ನಮ್ಮ ಕಡೆ ಇನ್ನೂ ದೊಡ್ಡ ಶತ್ರು ತೇವ. ಮಳೆಗಾಲದಲ್ಲಿ ಬೆಹಾಲಾ ಹೇಗಿರುತ್ತದೆ ಅಂತ ಇಲ್ಲಿದ್ದವರಿಗೇ ಗೊತ್ತು. ಬಿರುಕಿನಲ್ಲಿ ನೀರಿದ್ದರೆ ರೆಸಿನ್ ಹೋಗುವುದಿಲ್ಲ, ಮೊದಲು ಹದವಾಗಿ ಒಣಗಿಸಬೇಕು.

ಕಲಿಯುವುದಕ್ಕೆ ಅವನು ಗಿರಾಕಿಗಳ ಕಾರು ಮುಟ್ಟಲಿಲ್ಲ. ಬೆಂಗಳೂರಿಗೆ ಜೆ.ಸಿ. ರಸ್ತೆ ಹೇಗೋ ಕೋಲ್ಕತ್ತಾಗೆ ಮಲ್ಲಿಕ್ ಬಜಾರ್ ಹಾಗೆ, ಗಾಡಿ ಸಾಮಾನಿನ ಪೇಟೆ. ಅಲ್ಲಿಂದ ಹಳೆಯ ಗ್ಲಾಸು ತಂದು, ತಾನೇ ಕುಟ್ಟಿ ಒಡೆದು, ತಿಂಗಳುಗಟ್ಟಲೆ ತುಂಬಿದ. ದುಂಡನೆ ಚುಕ್ಕೆ ಬೇಗ ತುಂಬುತ್ತದೆ, ನಕ್ಷತ್ರದಂಥ ಒಡಕಿನ ಕಾಲುಗಳ ತುದಿಗೆ ರೆಸಿನ್ ಮುಟ್ಟಿಸುವುದೇ ಕಷ್ಟ. ಕಾಲು ತುಂಬದೆ ಉಳಿದರೆ ಅಲ್ಲಿಂದಲೇ ಮತ್ತೆ ಸೀಳುತ್ತದೆ.

ಇಷ್ಟಾದರೂ ಕಲಿಯಬೇಕಾದ ದೊಡ್ಡ ಪಾಠ ಕೈಯದ್ದಲ್ಲ, "ಇದು ಆಗಲ್ಲ" ಅನ್ನುವ ಬಾಯಿಯದ್ದು. ಪೊರೆಗೆ ಪೆಟ್ಟಾಗಿದ್ದರೆ, ಒಳಪದರ ಒಡೆದಿದ್ದರೆ, ಗ್ಲಾಸು ಬದಲಾಯಿಸಲೇಬೇಕು. ಡ್ರೈವರ್ ಕಣ್ಣಿನ ನೇರಕ್ಕಿದ್ದರೆ ಇನ್ನೂ ಎಚ್ಚರ, ಚೆನ್ನಾಗಿ ಮಾಡಿದ ರಿಪೇರಿಯೂ ಒಂದು ಮಸುಕು ಉಳಿಸಬಹುದು, ರಾತ್ರಿ ಎದುರಿನ ಲಾರಿಯ ಬೆಳಕು ಅಲ್ಲಿ ಚೆದುರುತ್ತದೆ. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಸ್ಟಿಯರಿಂಗ್ ನೇರಕ್ಕೆ 290 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ 10 ಮಿಲಿಮೀಟರಿಗಿಂತ ದೊಡ್ಡ ಒಡಕು ಇದ್ದರೆ ಫೇಲು. ಅಮೆರಿಕದವರು 2007ರಲ್ಲಿ ರಿಪೇರಿಗೇ ಒಂದು ಮಾನದಂಡ ಬರೆದುಕೊಂಡರು. ಹೊಸ ಕಾರುಗಳಲ್ಲಿ ಗಾಜಿನ ಹಿಂದೆ ಕ್ಯಾಮೆರಾ ಕೂಡ ಇರುತ್ತದೆ, ಅದರ ಕಣ್ಣನ್ನೂ ಕಾಯಬೇಕು.

ವಾಪಸ್ ಕಳಿಸಿದ ಗಿರಾಕಿಯಿಂದ ಆ ದಿನ ದುಡ್ಡು ಬರುವುದಿಲ್ಲ, ನಿಜ. ಹುಡುಗನಿಗೆ ಅದು ಗೊತ್ತು, ಆದರೂ ಕಳಿಸುತ್ತಾನೆ. ನಿಮ್ಮ ಗ್ಲಾಸಿಗೆ ಕಲ್ಲು ಬಿದ್ದರೆ ಉಜ್ಜಬೇಡಿ, ನೀರು ಹಾಕಬೇಡಿ, ಮೇಲೊಂದು ಪಾರದರ್ಶಕ ಟೇಪ್ ಅಂಟಿಸಿ ಅದೇ ವಾರ ತೋರಿಸಿ. ತೋರಿಸಿದವನು "ಆಗಲ್ಲ" ಅಂದರೆ ಬೇಜಾರಾಗಬೇಡಿ, ಬಹುಶಃ ಅವನೇ ಕೆಲಸ ಬಲ್ಲವನು.