ಸೊನ್ನೆಗಳನ್ನು ದಾಟುವ ಲೆಕ್ಕ

ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೆಲಸದಲ್ಲಿರುವ ತಂಗಿಯ ಮಗಳು ಕಾಯ್ಕಿಣಿಗೆ ಬಂದಾಗಲೂ ಆಫೀಸಿನ ಚಿಂತೆ ಬಿಡುವುದಿಲ್ಲ. “ದೊಡ್ಡಮ್ಮ, ಸಿಮ್ಯುಲೇಷನ್ ಮುಗಿಯೋಕೆ ರಾತ್ರಿಯೆಲ್ಲ ಬೇಕು” ಎನ್ನುತ್ತಾಳೆ. ಚಿಪ್ ತಯಾರಾದ ಮೇಲೆ ಒಳಗಿನ ತಪ್ಪು ತಿದ್ದುವುದು ಸುಲಭವಲ್ಲ. ಅದಕ್ಕೇ ಅದರ ಸರ್ಕ್ಯೂಟನ್ನು ಮೊದಲು ಕಂಪ್ಯೂಟರಿನಲ್ಲಿ ಲೆಕ್ಕದಿಂದ ನಡೆಸಿ ನೋಡುತ್ತಾರೆ. ಈ ಕಾಯುವಿಕೆಯನ್ನು ಕಡಿಮೆ ಮಾಡಿದವರ ಕಥೆ ಅವಳಿಂದಲೇ ನನಗೆ ತಿಳಿದದ್ದು.

1970ರ ಸುಮಾರಿಗೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರಾನ್ ರೋರರ್ ಎಂಬ ಅಧ್ಯಾಪಕರ ತರಗತಿಯ ವಿದ್ಯಾರ್ಥಿಗಳು ಇಂಥ ಪ್ರೋಗ್ರಾಮೊಂದನ್ನು ಬರೆದರು. ಅವರಲ್ಲೊಬ್ಬರಾದ ಲಾರೆನ್ಸ್ ನೇಗಲ್ ಅದನ್ನು ಬೆಳೆಸಿ 1973ರಲ್ಲಿ ‘ಸ್ಪೈಸ್’ ಎಂಬ ಹೆಸರಿನಲ್ಲಿ ಹೊರತಂದರು. ಹೆಸರು ಮಸಾಲೆಯದು, ಉಪಾಯವೂ ಅಡುಗೆಮನೆಯದೇ!

ಸಾವಿರ ಸಂಧಿಗಳ ಸರ್ಕ್ಯೂಟಿಗೆ ಬೇಕಾಗುವ ಕೋಷ್ಟಕದಲ್ಲಿ 10 ಲಕ್ಷ ಮನೆಗಳಿರುತ್ತವೆ. ಆದರೆ ಕೇರಿಯಲ್ಲಿ ನಾವು ಸಕ್ಕರೆ, ಮೊಸರು ಕಡ ತರುವುದು ಅಕ್ಕಪಕ್ಕದ ನಾಲ್ಕು ಮನೆಗಳಿಂದ ತಾನೆ? ಹಾಗೆಯೇ ಒಂದು ಸಂಧಿಗೆ ಕೆಲವೇ ಸಂಧಿಗಳ ನೆಂಟಸ್ತಿಕೆ. ಮಿಕ್ಕ ಮನೆಗಳಲ್ಲೆಲ್ಲ ಬರೀ ಸೊನ್ನೆ. ಆ ಸೊನ್ನೆಗಳನ್ನು ಬರೆಯದೆ, ಗುಣಿಸದೆ ದಾಟಿಬಿಟ್ಟರೆ ಲೆಕ್ಕ ಎಷ್ಟೋ ಹಗುರ.

1975ರ ಎರಡನೆಯ ಸ್ಪೈಸ್‌ನಲ್ಲಿ ಇನ್ನೊಂದು ಜಾಣತನವಿತ್ತು. ಒಲೆಯ ಮೇಲಿಟ್ಟ ಹಾಲನ್ನು ಮೊದಮೊದಲು ಆಗಾಗ ನೋಡಿದರೆ ಸಾಕು. ಉಕ್ಕುವ ಹೊತ್ತಿಗೆ ಕಣ್ಣು ಕೀಳುವಂತಿಲ್ಲ. ಸರ್ಕ್ಯೂಟು ಶಾಂತವಾಗಿದ್ದಾಗ ದೊಡ್ಡ ಹೆಜ್ಜೆ, ಕರೆಂಟು ಥಟ್ಟನೆ ಬದಲಾಗುವಾಗ ಪುಟ್ಟ ಹೆಜ್ಜೆ. ಎಲ್ಲೆಲ್ಲೂ ದೊಡ್ಡ ಹೆಜ್ಜೆಯಿಟ್ಟರೆ ಉತ್ತರ ಬೇಗ ಬಂದೀತು, ಆದರೆ ಅದನ್ನು ನಂಬುವುದು ಹೇಗೆ?

ನೇಗಲ್‌ರ ಗುರು ಡೊನಾಲ್ಡ್ ಪೆಡರ್ಸನ್ ಈ ಪ್ರೋಗ್ರಾಮನ್ನು ಬೀಗ ಹಾಕಿಡಲಿಲ್ಲ, ಕೇಳಿದವರಿಗೆಲ್ಲ ಕೊಟ್ಟರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಚಿಪ್ ವಿನ್ಯಾಸಕ್ಕೆ ಬೇಕಾದ ಸಾಫ್ಟ್‌ವೇರನ್ನು ನಮ್ಮ ಹುಡುಗ ಹುಡುಗಿಯರಿಂದ ಬರೆಸತೊಡಗಿತು. ಸ್ಪೈಸ್‌ನ ಕುಡಿಯಾದ ಎನ್‌ಜಿ‌ಸ್ಪೈಸ್ ಇಂದಿಗೂ ಉಚಿತ. ಅದನ್ನೇ ಒಳಗಿಟ್ಟುಕೊಂಡು ಮುಂಬಯಿಯ ಐಐಟಿ ‘ಇಸಿಮ್’ ಎಂಬುದನ್ನು ವಿದ್ಯಾರ್ಥಿಗಳಿಗೆ ಒದಗಿಸಿದೆ. ನಮ್ಮ ಹುಡುಗಿ ಕಲಿತದ್ದು ಅದರಲ್ಲೇ, ನಮ್ಮ ಚಾವಡಿಯಲ್ಲಿ ಕೂತು.

ನಮ್ಮ ಕಾಲಕ್ಕೆ ಗಣಿತ ಮುಂದೆ ಓದಬೇಕಾದರೆ ಊರು ಬಿಡಬೇಕಿತ್ತು. ನನಗೂ ತಂಗಿಗೂ ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ಕಂಪ್ಯೂಟರಿನ ರಾತ್ರಿಗಳನ್ನು ಉಳಿಸಿದವರು ದೊಡ್ಡವರು, ನಿಜ. ಆದರೆ ಕಲಿತದ್ದನ್ನು ಬಚ್ಚಿಡದೆ ಹಂಚಿ, ಹೆಣ್ಣುಮಕ್ಕಳ ವರ್ಷಗಳನ್ನು ಉಳಿಸಿದ್ದು ಅದಕ್ಕಿಂತ ದೊಡ್ಡದೆಂದು ನನಗನ್ನಿಸುತ್ತದೆ.